ಎರಡಿಂಚಿನ ಲಿಫ್ಟು

ಪಿಕಪ್ ಟ್ರಕ್ಕನ್ನ ಎತ್ತರಿಸೋದು ಅಮೆರಿಕದಲ್ಲಿ ಒಂದು ಹುಚ್ಚು ಕಣ್ರೀ. ನಮ್ಮ ನಾರ್ತ್ ಕೆರೊಲೈನಾದಲ್ಲಂತೂ ಈ ಹುಚ್ಚಿಗೆ ಕಾನೂನೇ ಬರಬೇಕಾಯ್ತು. ಹುಡುಗರು ಮೂತಿ ಆಕಾಶಕ್ಕೆ, ಹಿಂಭಾಗ ನೆಲಕ್ಕೆ ಮಾಡ್ಕೊಂಡು 'ಕೆರೊಲೈನಾ ಸ್ಕ್ವಾಟ್' ಅಂತ ಓಡಿಸ್ತಿದ್ರು. ಎದುರಿಗೆ ಮಗು ಅಡ್ಡ ಬಂದ್ರೂ ಕಾಣದಷ್ಟು ಬಾನೆಟ್ಟು ಮೇಲೆ. 2021ರಲ್ಲಿ ಬಂದ ಕಾನೂನಿನ ಪ್ರಕಾರ ಹೀಗೆ ಮಾರ್ಪಾಡು ಮಾಡಿದ ಗಾಡಿಯ ಮುಂದಿನ ಫೆಂಡರು ಹಿಂದಿನದಕ್ಕಿಂತ 4 ಇಂಚು ಅಥವಾ ಅದಕ್ಕೂ ಹೆಚ್ಚು ಮೇಲಿದ್ರೆ ರಸ್ತೆಗಿಳಿಯೋ ಹಾಗಿಲ್ಲ.

ನನಗೆ ಬೇಕಿದ್ದದ್ದು ಅಂಥದ್ದಲ್ಲ. ನನ್ನದು 2014ರ ಟೊಯೋಟಾ ಟಕೋಮಾ, ಫೋರ್ ವೀಲ್ ಡ್ರೈವ್. ವಾರವೆಲ್ಲಾ ಆಫೀಸಿಗೆ, ತಿಂಗಳಿಗೊಂದು ಸಲ ಯುವಾರಿ ಕಾಡಿಗೆ ಕ್ಯಾಂಪಿಂಗು. ಅಲ್ಲಿನ ಮಣ್ಣು ದಾರಿ ಮಳೆಗೆ ಕೊರಕಲು ಬಿದ್ದಾಗ ಗಾಡಿಯ ಮೂತಿ ತಾಗ್ತಿತ್ತು, ಅಷ್ಟೇ ಸಮಸ್ಯೆ. ಗೆಳೆಯನೊಬ್ಬ 'ಲೋ, ಮಾಡ್ಸೋದಾದ್ರೆ ಆರಿಂಚು ಮಾಡ್ಸು, ಎರಡಿಂಚು ಯಾರ ಕಣ್ಣಿಗೆ ಬೀಳುತ್ತೆ?' ಅಂದ. ಆದ್ರೆ ಬೇಸಿಗೆಗೆ ಊರಿಂದ ಅಮ್ಮ ಬರೋರಿದ್ರು. ಎಪ್ಪತ್ತು ದಾಟಿದ, ಮಂಡಿ ನೋವಿನ ಅಮ್ಮನ್ನ ಆರಿಂಚು ಎತ್ತಿದ ಗಾಡಿಗೆ ಹತ್ತಿಸೋಕೆ ಏಣಿ ಇಡಬೇಕಾಗ್ತಿತ್ತು. ಗಾಡಿ ಎತ್ತರ ಆದಷ್ಟೂ ತಿರುವಿನಲ್ಲಿ ಪಲ್ಟಿ ಹೊಡೆಯೋ ಸಾಧ್ಯತೆಯೂ ಹೆಚ್ಚು ಅನ್ನೋದು ಬೇರೆ ಮಾತು.

ಬಹಳ ಜನ ಗಮನಿಸದ ವಿಷಯ ಇನ್ನೊಂದಿದೆ. ಸಸ್ಪೆನ್ಷನ್ನು ಎಷ್ಟೇ ಇಂಚು ಎತ್ತಿಸಿ, ಹಿಂದಿನ ಆಕ್ಸಲ್ಲಿನ ನಡುವೆ ದಪ್ಪಗೆ ಜೋತಿರೋ ಡಿಫರೆನ್ಷಿಯಲ್ಲು ಕೂದಲೆಳೆಯಷ್ಟೂ ಮೇಲೇಳಲ್ಲ. ಅದು ಚಕ್ರದ ಜೊತೆಗಾರ, ಬಾಡಿಯದ್ದಲ್ಲ. ಅದನ್ನ ಎತ್ತೋದು ದೊಡ್ಡ ಟೈರು ಮಾತ್ರ. ಆರಿಂಚಿಗೆ ದುಡ್ಡು ಸುರಿದವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ!

ಹಾಗಾದ್ರೆ ಎರಡೇ ಯಾಕೆ? ಮುಂದಿನ ಚಕ್ರ ಮೇಲೊಂದು ಕೆಳಗೊಂದು ಎರಡು ತೋಳುಗಳ ನಡುವೆ ನಿಂತಿರುತ್ತೆ, ಇಂಜಿನ್ನಿನ ಶಕ್ತಿ ಅದಕ್ಕೆ ಸಿ.ವಿ. ಜಾಯಿಂಟಿನ ಮೂಲಕ ಬರುತ್ತೆ. ಬಾಡಿ ಮೇಲೆದ್ದಷ್ಟೂ ಆ ತೋಳು, ಆ ಜಾಯಿಂಟು ಎರಡೂ ಕೆಳಮುಖವಾಗಿ ಓರೆಯಾಗ್ತವೆ. ಎರಡು, ಎರಡೂವರೆ ಇಂಚಿನ ತನಕ ಕಂಪನಿ ಕೊಟ್ಟ ಭಾಗಗಳು ಸಹಿಸ್ಕೊಳ್ತವೆ. ಅದರ ಮೇಲೆ ಹೋದ್ರೆ ಮೇಲಿನ ತೋಳು ಬದಲಾಯಿಸು, ಡಿಫರೆನ್ಷಿಯಲ್ಲು ಕೆಳಗಿಳಿಸು, ಬ್ರೇಕ್ ಪೈಪು ಉದ್ದ ಮಾಡು ಅಂತ ಪಟ್ಟಿ ಹನುಮಂತನ ಬಾಲದ ಹಾಗೆ ಬೆಳೀತಾ ಹೋಗುತ್ತೆ.

ಎರಡಿಂಚಿಗೂ ದಾರಿ ಎರಡು. ಅಗ್ಗದ್ದು ಸ್ಪೇಸರು: ಸ್ಟ್ರಟ್ಟಿನ ನೆತ್ತಿ ಮೇಲೆ ಒಂದು ಬಿಲ್ಲೆ ಇಟ್ಟು ಬಿಗಿಯೋದು. ಬಿಲ್ಲೆ ಒಂದಿಂಚು ದಪ್ಪ ಇದ್ರೆ ಗಾಡಿ ಸುಮಾರು ಎರಡಿಂಚು ಏಳುತ್ತೆ, ಯಾಕಂದ್ರೆ ಸ್ಟ್ರಟ್ಟಿನ ಬುಡ ಕೂತಿರೋದು ಚಕ್ರದ ಹತ್ರ ಅಲ್ಲ, ಕೆಳತೋಳಿನ ಹೆಚ್ಚುಕಮ್ಮಿ ಮಧ್ಯದಲ್ಲಿ. ತೊಂದರೆ ಏನಪ್ಪಾ ಅಂದ್ರೆ, ಗುಂಡಿಯಲ್ಲಿ ಚಕ್ರ ಪೂರ್ತಿ ಜೋತುಬಿದ್ದಾಗ ಕಂಪನಿ ಇಟ್ಟ ಮಿತಿಗಿಂತ ಕೆಳಗೆ ಹೋಗುತ್ತೆ. ಬಾಲ್ ಜಾಯಿಂಟು, ಸಿ.ವಿ. ಜಾಯಿಂಟು ಅಷ್ಟು ಹೆಚ್ಚು ತಿರುಚಿಕೊಳ್ತವೆ. ನಾನು ಆರಿಸಿದ್ದು ಬಿಲ್‌ಸ್ಟೈನ್ 5100. ಅದರಲ್ಲಿ ಶಾಕಿನ ಮೈಮೇಲೆ ಗೀರುಗಳಿರ್ತವೆ. ಸ್ಪ್ರಿಂಗು ಕೂರೋ ತಟ್ಟೆಯನ್ನ ಮೇಲಿನ ಗೀರಿಗೆ ಏರಿಸಿದ್ರೆ ಗಾಡಿ ಏಳುತ್ತೆ, ಆದ್ರೆ ಚಕ್ರ ಜೋತುಬೀಳೋ ಮಿತಿ ಹೆಚ್ಚುಕಮ್ಮಿ ಹಳೇದೇ. ಇದೂ ಪುಕ್ಕಟೆ ಅಲ್ಲ. ಗಾಡಿ ಎದ್ದಷ್ಟು ಚಕ್ರಕ್ಕೆ ಕೆಳಗೆ ಇಳಿಯೋ ಜಾಗ ಕಮ್ಮಿ, ಹಂಪುಗಳಲ್ಲಿ ಮೂತಿ ಸ್ವಲ್ಪ ಬಿರುಸು.

ಹಿಂದೆ ಇರೋದು ನಮ್ಮೂರ ಲಾರಿಗಳ ಥರದ್ದೇ ಕಮಾನು ಪಟ್ಟಿ. ಪಟ್ಟಿಗೂ ಆಕ್ಸಲ್ಲಿಗೂ ನಡುವೆ ಕಬ್ಬಿಣದ ದಿಮ್ಮಿ ಇಟ್ಟು ಎತ್ತಬಹುದು. ಆದ್ರೆ ದಿಮ್ಮಿ ಎತ್ತರ ಆದಷ್ಟೂ ಜೋರಾಗಿ ಗ್ಯಾಸ್ ಕೊಟ್ಟಾಗ ಆಕ್ಸಲ್ಲು ಪಟ್ಟಿಯನ್ನ ತಿರುಚುತ್ತೆ. ನಾನು ಒಂದು ಪಟ್ಟಿ ಜಾಸ್ತಿ ಸೇರಿಸಿದೆ, ಒಂದಿಂಚು ಎದ್ದಿತು. ಲೋಡು ಹೆಚ್ಚಾದ ಲಾರಿಗೆ ಊರ ಗ್ಯಾರೇಜಲ್ಲಿ ಪಟ್ಟಿ ಸೇರಿಸ್ತಾರಲ್ಲ, ಅದೇ ವಿದ್ಯೆ!

ಜೋಡಿಸೋಕೆ ಒಂದು ಶನಿವಾರ, ಅರ್ಧ ಭಾನುವಾರ ಹಿಡೀತು. ಸ್ಪ್ರಿಂಗು ಬಿಚ್ಚಿ ಕೂರಿಸೋ ಕೆಲಸವನ್ನ ಮಾತ್ರ ಅಂಗಡಿಯಲ್ಲಿ ಮಾಡಿಸಿದೆ. ಅದುಮಿಟ್ಟ ಸ್ಪ್ರಿಂಗಲ್ಲಿ ನೂರಾರು ಕಿಲೋ ಒತ್ತಡ ಇರುತ್ತೆ, ಜಾರಿ ಹಾರಿದ್ರೆ ದವಡೆ ಉಳಿಯಲ್ಲ. ಮಿಕ್ಕಿದ್ದಕ್ಕೆ ಜ್ಯಾಕಿನ ಭರವಸೆ ಸಾಲದು, ಚಾಸಿಗೆ ಸ್ಟ್ಯಾಂಡು ಕೊಟ್ಟೇ ಕೈ ಹಾಕಬೇಕು. ಮತ್ತೊಂದು: ತೋಳುಗಳ ಬುಡದ ಬೋಲ್ಟನ್ನ ಗಾಡಿ ನೆಲಕ್ಕಿಳಿದು ತನ್ನ ಭಾರ ತಾನು ಹೊತ್ತ ಮೇಲೇ ಕೊನೇ ಬಿಗಿ ಬಿಗೀಬೇಕು. ಚಕ್ರ ಗಾಳಿಯಲ್ಲಿ ಜೋತಾಡ್ತಿರುವಾಗ ಬಿಗಿದ್ರೆ ಒಳಗಿನ ರಬ್ಬರ್ ಬುಷ್ಷು ದಿನವಿಡೀ ತಿರುಚಿಕೊಂಡೇ ಇದ್ದು ಬೇಗ ಹರಿದುಹೋಗುತ್ತೆ.

ಅಳತೆ ಹಿಡಿಯೋದು ನೆಲದಿಂದ ಅಲ್ಲ, ಚಕ್ರದ ನಡುವಿನಿಂದ ಫೆಂಡರಿನ ಅಂಚಿಗೆ. ಆಗ ಟೈರಿನ ಗಾಳಿ ಹೆಚ್ಚುಕಮ್ಮಿ ಆದ್ರೂ ಲೆಕ್ಕ ತಪ್ಪಲ್ಲ. ಮುಂದೆ 20 ಇಂಚು ಇದ್ದದ್ದು 22 ಆಯ್ತು. ಡ್ರೈವರ್ ಕಡೆ ಮಾತ್ರ ಕಾಲಿಂಚು ಕಮ್ಮಿ. ಟಕೋಮಾಗಳಿಗೆ ಇದು ಹುಟ್ಟುಗುಣ, 'ಟಕೋ ಲೀನ್' ಅಂತ ಹೆಸರೂ ಇದೆ. ಅದನ್ನ ಹಾಗೇ ಬಿಟ್ಟಿದ್ದೀನಿ.

ಸೋಮವಾರ ಆಫೀಸಿಗೆ ಮುಂಚೆ ಸೀದಾ ಅಲೈನ್‌ಮೆಂಟಿಗೆ. ಸೈಕಲ್ಲಿನ ಮುಂದಿನ ಫೋರ್ಕು ಹಿಂದಕ್ಕೆ ವಾಲಿರೋದ್ರಿಂದ ತಾನೇ ಕೈಬಿಟ್ರೂ ಅದು ನೆಟ್ಟಗೆ ಹೋಗೋದು? ಕಾರಲ್ಲಿ ಅದನ್ನ ಕ್ಯಾಸ್ಟರು ಅಂತಾರೆ, ಲಿಫ್ಟ್ ಮಾಡಿದಾಗ ಅದು ಕಮ್ಮಿಯಾಗುತ್ತೆ. ಸರಿಪಡಿಸದೆ ಹೈವೇಗೆ ಹೋದ್ರೆ ಸ್ಟೀರಿಂಗು ಕೈಲಿ ನಿಲ್ಲಲ್ಲ. ಕ್ಯಾಸ್ಟರು ಕಂಪನಿ ಹೇಳಿದ ಮಿತಿಯೊಳಗೇ ಬಂತು. ಎರಡೂವರೆ ಇಂಚು ದಾಟಿದ್ರೆ ಹೊಸ ಮೇಲ್ತೋಳು ಬೇಕಾಗ್ತಿತ್ತು. ಮೂತಿ ಎದ್ದ ಮೇಲೆ ಹೆಡ್‌ಲೈಟು ಎದುರಿನವರ ಕಣ್ಣಿಗೇ ಹೊಡೆಯುತ್ತೆ, ಅದನ್ನೂ ಸಂಜೆ ಗ್ಯಾರೇಜ್ ಗೋಡೆ ಎದುರು ನಿಲ್ಲಿಸಿ ತಗ್ಗಿಸಿದೆ.

ಹಿಂದಿನ ಯು-ಬೋಲ್ಟುಗಳನ್ನ ಹೊಸವೇ ಹಾಕಿದ್ದೀನಿ, ಒಮ್ಮೆ ಬಿಗಿದು ಎಳೆದವನ್ನ ಮತ್ತೆ ಬಳಸಬಾರದು. 500 ಮೈಲಿ ಓಡಿದ ಮೇಲೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಿಡಿದು ಬಿಗೀಬೇಕು. ಈಗ 430 ಆಗಿದೆ. ಅಮ್ಮ ಬರೋದು ಮುಂದಿನ ಶುಕ್ರವಾರ, ಅಷ್ಟರೊಳಗೆ ಅದೊಂದು ಕೆಲಸ ಮುಗಿಸಬೇಕು.