ಯೋಧನ ಬಟ್ಟಲು, ವ್ಯಾಪಾರಿಯ ಕಣ್ಣು

ಹಳೆಯ ಬಿಯರ್ ಜಾಹೀರಾತುಗಳಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವರಿದ್ದಾರೆ. ಚಿತ್ರಗಳು ಸುಂದರವೇ, ಆದರೆ ಅವು ಮುಗ್ಧವೆಂಬುದನ್ನು ನಾನು ಒಪ್ಪಲಾರೆ. 1929ರಲ್ಲಿ ಗಿನ್ನೆಸ್ ತನ್ನ ಪಾನೀಯವು ‘ನಿಮಗೆ ಒಳ್ಳೆಯದು’ ಎಂದು ಬ್ರಿಟನ್ನಿನಲ್ಲಿ ಸಾರಿತು. ಆಧಾರ? ಕುಡಿದವರು ತಮಗೆ ಹಿತವೆನಿಸಿತು ಎಂದದ್ದು!

ಅಮೆರಿಕದ ಕಥೆ ಇನ್ನೂ ವಿಚಿತ್ರ. ಸಮವಸ್ತ್ರದಲ್ಲಿರುವ ಸೈನಿಕನಿಗೆ ಮದ್ಯ ಮಾರುವುದೇ ಅಪರಾಧವೆಂದು 1917ರ ಕಾನೂನು ವಿಧಿಸಿತ್ತು. 1920ರಿಂದ 1933ರವರೆಗೆ ದೇಶಕ್ಕೆಲ್ಲ ಪಾನನಿಷೇಧ. ಅದೇ ಸರ್ಕಾರ 1943ರಲ್ಲಿ, ಉತ್ಪಾದನೆಯ ಶೇಕಡಾ 15ರಷ್ಟನ್ನು ಸೇನೆಗೆ ಮೀಸಲಿಡುವಂತೆ ಬಿಯರ್ ತಯಾರಕರಿಗೆ ಆದೇಶಿಸಿತು. ನಿನ್ನೆಯ ಪಾಪ ಇಂದು ಮನೋಸ್ಥೈರ್ಯವಾಯಿತು! ನಿಷೇಧದ ಭೀತಿ ಇನ್ನೂ ಮಾಸದ ಉದ್ಯಮಕ್ಕೆ ಇದಕ್ಕಿಂತ ಪ್ರಬಲವಾದ ರಕ್ಷಾಕವಚ ಬೇಕಿತ್ತೇ?

ದಣಿದ ಯೋಧನಿಗೆ ದೊರೆತ ಒಂದು ಬಟ್ಟಲನ್ನು ನಾನು ಹಳಿಯುತ್ತಿಲ್ಲ. 1944ರಲ್ಲಿ ಸ್ಪಿಟ್‌ಫೈರ್ ವಿಮಾನದ ರೆಕ್ಕೆಗಳಡಿ ಪೀಪಾಯಿ ಕಟ್ಟಿ ನಾರ್ಮಂಡಿಗೆ ಬಿಯರ್ ಒಯ್ದ ಬ್ರಿಟಿಷ್ ವೈಮಾನಿಕರ ತುಂಟತನಕ್ಕೆ ನಗದವರಾರು? ನನ್ನ ಆಕ್ಷೇಪ ಬೇರೆ. ಯುದ್ಧ ಮುಗಿಯಿತು, ಯೋಧ ಮನೆಗೆ ಮರಳಿದ. ಬಟ್ಟಲೂ ಅವನ ಹಿಂದೆಯೇ ಬಂದಿತು. 1945ರಿಂದ ಅಮೆರಿಕದ ಬಿಯರ್ ತಯಾರಕರ ಸಂಘವು ಮನೆಯಂಗಳ, ನೆರೆಹೊರೆಯ ಕೂಟಗಳ ವರ್ಣಚಿತ್ರಗಳನ್ನು ವರ್ಷಗಟ್ಟಲೆ ಜಾಹೀರಾತುಗಳಾಗಿ ಪ್ರಕಟಿಸಿತು. ಆ ನಗುಮುಖಗಳ ನಡುವೆ, ಮನೆಯವರಲ್ಲೊಬ್ಬನಂತೆ, ಬಿಯರ್ ಕುಳಿತಿತ್ತು.