ಟ್ರ್ಯಾಕ್ಟರ್‌ಗೆ ಬಲ ಬಂತು, ಟ್ರೇಲರ್‌ಗೆ ಹಿಡಿತ ಬರಲಿಲ್ಲ

ಮಾಸೂರು: ಗೋವಿನಜೋಳದ ಕಟಾವು ಆರಂಭವಾಯಿತೆಂದರೆ ಹಾವೇರಿ ಜಿಲ್ಲೆಯ ರಸ್ತೆಗಳಲ್ಲಿ ಟ್ರ್ಯಾಕ್ಟರ್‌ಗಳದ್ದೇ ಕಾರುಬಾರು. ಶಿವಮೊಗ್ಗ ಜಿಲ್ಲೆಯ ಗಡಿಗೆ ಸಮೀಪದ ಮಾಸೂರು ಭಾಗವೂ ಇದಕ್ಕೆ ಹೊರತಲ್ಲ. ಕುಮುದ್ವತಿ ಕಣಿವೆಯ ಏರಿಳಿತ, ಹೊಲಕ್ಕೆ ಇಳಿಯುವ ಕಚ್ಚಾ ದಾರಿ, ಕೆರೆ ಏರಿ, ಕಾಲುವೆ ದಂಡೆ ಎಲ್ಲವನ್ನೂ ದಾಟಿಯೇ ಫಸಲು ಮಾರುಕಟ್ಟೆ ಸೇರಬೇಕು. ಈ ಪಯಣದಲ್ಲಿ ಎಂಜಿನ್ ಕೈಕೊಡುವುದು ಅಪರೂಪ. ಕೈಕೊಡುವುದು ಅದರ ಹಿಂದೆ ಕಟ್ಟಿದ ಟ್ರೇಲರ್.

ಮೂರು ದಶಕಗಳಲ್ಲಿ ಟ್ರ್ಯಾಕ್ಟರ್‌ನ ಅಶ್ವಶಕ್ತಿ ಏರುತ್ತಲೇ ಬಂದಿದೆ. ಆದರೆ ಟ್ರೇಲರ್ ಬಹುಪಾಲು ಊರಿನ ವೆಲ್ಡಿಂಗ್ ಅಂಗಡಿಯ ಸರಕಾಗಿಯೇ ಉಳಿದಿದೆ. ಎಳೆಯುವ ವಾಹನಕ್ಕೆ ಸಿಕ್ಕ ಗಮನ ಎಳೆಯಿಸಿಕೊಳ್ಳುವ ವಾಹನಕ್ಕೆ ಸಿಗದಿರುವುದೇ ಈ ಸಮಸ್ಯೆಯ ಮೂಲ.

ಮೂಕಿ ಭಾರದ ಲೆಕ್ಕ

ಚಕ್ಕಡಿ ಹೂಡಿ ಬೆಳೆದ ತಲೆಮಾರಿಗೆ ಈ ವಿದ್ಯೆ ಹೊಸದೇನಲ್ಲ. ಹೇರು ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕುತ್ತಿಗೆಯನ್ನು ಬಿಗಿಯುತ್ತದೆ. ಮುಂದಕ್ಕೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಆದ್ದರಿಂದ ಅಚ್ಚಿನ ಮುಂದೆ ತುಸು ಹೆಚ್ಚು ಭಾರ ಇರುವಂತೆ ಹೇರುವುದು ರೂಢಿಯಾಗಿತ್ತು.

ಎರಡು ಚಕ್ರದ ಟ್ರೇಲರ್‌ಗೂ ಅನ್ವಯವಾಗುವುದು ಇದೇ ನಿಯಮ. ಭಾರ ಅಚ್ಚಿನ ಹಿಂದಕ್ಕೆ ಸರಿದರೆ ಟ್ರೇಲರ್‌ನ ಮುಂಭಾಗ ಟ್ರ್ಯಾಕ್ಟರ್‌ನ ಹಿಂಬದಿಯನ್ನು ಮೇಲಕ್ಕೆತ್ತುತ್ತದೆ. ಹಿಂದಿನ ದೊಡ್ಡ ಚಕ್ರಗಳ ನೆಲದ ಹಿಡಿತ ಕಡಿಮೆಯಾಗುತ್ತದೆ. ಭಾರ ಅತಿಯಾಗಿ ಮುಂದಕ್ಕೆ ಬಂದರೆ ಮುಂದಿನ ಚಕ್ರಗಳು ಹಗುರವಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಏರು ರಸ್ತೆಯಲ್ಲಿ ಟ್ರ್ಯಾಕ್ಟರ್ ಮೂತಿ ಎತ್ತುವುದಕ್ಕೆ ಇದೂ ಒಂದು ಕಾರಣ. ಟ್ರೇಲರನ್ನು ನಿಗದಿತ ಕೊಕ್ಕೆಗಿಂತ ಎತ್ತರದಲ್ಲಿ ಕಟ್ಟಿದರಂತೂ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವ ಅಪಾಯ ಇಮ್ಮಡಿಸುತ್ತದೆ.

ಕಾರಿನ ಹಿಂದೆ ಮನೆಯಂಥ ಕ್ಯಾರವಾನ್ ಕಟ್ಟಿಕೊಂಡು ಪ್ರವಾಸ ಹೊರಡುವ ದೇಶಗಳಲ್ಲಿ ಈ ಲೆಕ್ಕ ಅಂಕಿಗಿಳಿದಿದೆ. ಕ್ಯಾರವಾನ್‌ನ ಒಟ್ಟು ತೂಕದ ಶೇ 5ರಿಂದ 7ರಷ್ಟು ಭಾರ ಕೊಕ್ಕೆಯ ಮೇಲಿರಬೇಕು ಎಂಬುದು ಬ್ರಿಟನ್‌ನಲ್ಲಿ ರೂಢಿಯಲ್ಲಿರುವ ಸಲಹೆ. ಅಮೆರಿಕದಲ್ಲಿ ಟ್ರೇಲರ್‌ಗಳಿಗೆ ಇದು ಶೇ 10ರಿಂದ 15. ಈ ಭಾರ ಕಡಿಮೆಯಾದರೆ ಕ್ಯಾರವಾನ್ ಹಾವಿನಂತೆ ಎಡಬಲಕ್ಕೆ ಓಲಾಡತೊಡಗುತ್ತದೆ. ವೇಗ ಹೆಚ್ಚಿದಂತೆ ಓಲಾಟವೂ ಹೆಚ್ಚಿ ಕಾರನ್ನೇ ರಸ್ತೆಯಿಂದ ಎಳೆದೊಯ್ಯುತ್ತದೆ. ಓಲಾಟ ತಡೆಯುವ ಘರ್ಷಣೆಯ ಕೊಕ್ಕೆ, ಕಾರಿನಲ್ಲೇ ಅಳವಡಿಸಿದ ಇಲೆಕ್ಟ್ರಾನಿಕ್ ನಿಯಂತ್ರಣ ಅಲ್ಲಿ ಲಭ್ಯ. ಭಾರತದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2010ರಲ್ಲೇ ಕ್ಯಾರವಾನ್ ನೀತಿ ಪ್ರಕಟಿಸಿತು, ಕೇರಳ 2021ರಲ್ಲಿ ತನ್ನದೇ ಯೋಜನೆ ತಂದಿತು. ಆದರೆ ಇಲ್ಲಿ ಓಡುವ ಕ್ಯಾರವಾನ್‌ಗಳು ಹೆಚ್ಚಾಗಿ ಸ್ವಂತ ಎಂಜಿನ್ ಉಳ್ಳವು. ಈ ನಾಡಿನಲ್ಲಿ ನಿಜವಾಗಿ ಕಟ್ಟಿ ಎಳೆಯುವ ವಾಹನವೆಂದರೆ ರೈತನ ಟ್ರೇಲರೇ.

ಬ್ರೇಕ್ ಒಂದಕ್ಕೆ, ಭಾರ ಎರಡಕ್ಕೆ

ನಮ್ಮಲ್ಲಿನ ಸಾಮಾನ್ಯ ಟ್ರ್ಯಾಕ್ಟರ್‌ಗೆ ಬ್ರೇಕ್ ಇರುವುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ರೈತರು ಬಳಸುವ ಟ್ರೇಲರ್‌ಗಳಲ್ಲಿ ಬಹಳಷ್ಟಕ್ಕೆ ಬ್ರೇಕೇ ಇರುವುದಿಲ್ಲ. ಎರಡು ಟನ್ ತೂಗುವ ಟ್ರ್ಯಾಕ್ಟರ್ ಹೇರು ಸಹಿತ ಆರು ಟನ್ ತೂಗುವ ಟ್ರೇಲರನ್ನು ಎಳೆಯುತ್ತಿದೆ ಎಂದಿಟ್ಟುಕೊಳ್ಳೋಣ. ಟ್ರ್ಯಾಕ್ಟರ್‌ನ ಹಿಂದಿನ ಚಕ್ರಗಳ ಮೇಲೆ ಸುಮಾರು 1.3 ಟನ್ ಭಾರವಿದ್ದು, ರಸ್ತೆಯ ಹಿಡಿತ ಮಧ್ಯಮ ಮಟ್ಟದ್ದಾಗಿದ್ದರೆ, ಗಂಟೆಗೆ 30 ಕಿ.ಮೀ. ವೇಗದಲ್ಲಿ ಬರಿ ಟ್ರ್ಯಾಕ್ಟರ್ ಬ್ರೇಕ್ ಒತ್ತಿದ ಮೇಲೆ ಸುಮಾರು 11 ಮೀಟರ್‌ನಲ್ಲಿ ನಿಲ್ಲುತ್ತದೆ. ಟ್ರೇಲರ್ ಕಟ್ಟಿದಾಗ ಅದೇ ಚಕ್ರಗಳು ಎಂಟು ಟನ್ ಹಿಡಿದು ನಿಲ್ಲಿಸಬೇಕು. ಆಗ ಬೇಕಾಗುವ ದೂರ 40 ಮೀಟರ್‌ಗೂ ಹೆಚ್ಚು. ಇಳಿಜಾರಿನಲ್ಲಿ ಇದು ಇನ್ನೂ ಬೆಳೆಯುತ್ತದೆ.

ದೂರ ಬೆಳೆಯುವುದಷ್ಟೇ ಅಪಾಯವಲ್ಲ. ಬ್ರೇಕ್ ಇಲ್ಲದ ಟ್ರೇಲರ್ ತಾನು ನಿಲ್ಲದೆ ಮುಂದಿನ ಟ್ರ್ಯಾಕ್ಟರನ್ನು ತಳ್ಳುತ್ತದೆ. ತಿರುವಿನಲ್ಲಿ ಈ ತಳ್ಳು ಓರೆಯಾಗಿ ಬಿದ್ದರೆ ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ. ಎರಡೂ ಚೂರಿಯಂತೆ ಮಡಚಿಕೊಳ್ಳುತ್ತವೆ. ಡೀಸೆಲ್ ಉಳಿತಾಯದ ಆಸೆಗೆ ಇಳಿಜಾರಿನಲ್ಲಿ ಗೇರ್ ತಪ್ಪಿಸಿ ನ್ಯೂಟ್ರಲ್‌ನಲ್ಲಿ ಬಿಡುವ ಅಭ್ಯಾಸ ಎಂಜಿನ್ನಿನ ತಡೆಯನ್ನೂ ಕಸಿದುಕೊಳ್ಳುತ್ತದೆ. ಉಳುಮೆಯಲ್ಲಿ ಒಂದೇ ಬದಿಗೆ ತಿರುಗಿಸಲು ಅನುಕೂಲವಾಗುವಂತೆ ಟ್ರ್ಯಾಕ್ಟರ್‌ಗೆ ಎಡ ಹಾಗೂ ಬಲ ಎಂಬ ಎರಡು ಬ್ರೇಕ್ ಪೆಡಲ್‌ಗಳಿರುತ್ತವೆ. ರಸ್ತೆಗೆ ಬಂದಾಗ ಅವನ್ನು ಕೊಂಡಿಯಿಂದ ಜೋಡಿಸಲು ಮರೆತರೆ ಬ್ರೇಕ್ ಒತ್ತಿದ ಕ್ಷಣವೇ ವಾಹನ ಒಂದು ಪಕ್ಕಕ್ಕೆ ಎಳೆಯುತ್ತದೆ.

ಯುರೋಪಿನಲ್ಲಿ ಕಾರುಗಳು ಎಳೆಯುವ 750 ಕೆ.ಜಿ. ಮೀರಿದ ಟ್ರೇಲರ್‌ಗೆ ಸ್ವಂತ ಬ್ರೇಕ್ ಕಡ್ಡಾಯ. ಮುಂದಿನ ವಾಹನ ನಿಧಾನಿಸಿದಾಗ ಹಿಂದಿನದು ತಳ್ಳುವ ಒತ್ತಡದಿಂದಲೇ ಈ ಬ್ರೇಕ್ ಹಿಡಿಯುತ್ತದೆ. ತಂತ್ರ ಸರಳ. ಹಲವು ಟನ್ ಹೊರುವ ನಮ್ಮ ಟ್ರೇಲರ್‌ಗೆ ಅದರ ಅಗತ್ಯ ಇನ್ನೂ ಹೆಚ್ಚು.

ಕಮಾನು, ಟೈರು, ಎತ್ತರ

ಸಾಮಾನ್ಯ ಟ್ರ್ಯಾಕ್ಟರ್‌ನ ಹಿಂದಿನ ಅಚ್ಚಿಗೆ ಕಮಾನು ಪಟ್ಟಿಗಳಿಲ್ಲ. ರಸ್ತೆಯ ಏಟು ತಡೆಯುವುದು ಟೈರಿನೊಳಗಿನ ಗಾಳಿ ಮಾತ್ರ. ಹೀಗಾಗಿ ಸ್ಥಿರತೆಯ ಹೊಣೆ ಟ್ರೇಲರ್‌ನ ಕಮಾನು ಪಟ್ಟಿಗಳ ಮೇಲೆ ಬೀಳುತ್ತದೆ. ಒಂದು ಬದಿಯ ಪಟ್ಟಿ ಸವೆದಿದ್ದರೆ ಅಥವಾ ಎರಡು ಟೈರುಗಳ ಗಾಳಿಯಲ್ಲಿ ವ್ಯತ್ಯಾಸವಿದ್ದರೆ ಟ್ರೇಲರ್ ನಿಂತಲ್ಲೇ ವಾಲಿರುತ್ತದೆ. ಹೆಚ್ಚುವರಿ ಪಟ್ಟಿ ಸೇರಿಸಿ ಗಟ್ಟಿ ಮಾಡಿಸುವುದು ಇದಕ್ಕೆ ಸಂಪೂರ್ಣ ಪರಿಹಾರವಲ್ಲ. ಅದು ಹೆಚ್ಚು ಹೇರಲು ಧೈರ್ಯ ಕೊಡುತ್ತದೆಯೇ ಹೊರತು ಬ್ರೇಕನ್ನಾಗಲೀ ಚಕ್ರಗಳ ನಡುವಿನ ಅಗಲವನ್ನಾಗಲೀ ಹೆಚ್ಚಿಸುವುದಿಲ್ಲ.

ಎತ್ತರದ ಪ್ರಶ್ನೆ ಇನ್ನೂ ಗಂಭೀರ. ಚಕ್ರಗಳ ನಡುವೆ 1.6 ಮೀಟರ್ ಅಗಲವಿರುವ ಟ್ರೇಲರ್‌ನ ಗುರುತ್ವ ಕೇಂದ್ರ ನೆಲದಿಂದ ಒಂದು ಮೀಟರ್ ಮೇಲಿದ್ದರೆ, ಕಾಗದದ ಲೆಕ್ಕದಲ್ಲಿ ಅದು ಸುಮಾರು 38 ಡಿಗ್ರಿ ಓರೆಯವರೆಗೆ ತಾಳುತ್ತದೆ. ಮೇವನ್ನೋ ಮೂಟೆಗಳನ್ನೋ ಎತ್ತರಕ್ಕೆ ಒಟ್ಟಿ ಆ ಕೇಂದ್ರ ಎರಡು ಮೀಟರ್‌ಗೆ ಏರಿದರೆ ತಾಳಿಕೆ 22 ಡಿಗ್ರಿಗೆ ಇಳಿಯುತ್ತದೆ. ಕಮಾನು ಕುಗ್ಗುವುದು, ಟೈರು ಬಾಗುವುದು, ತಿರುವಿನ ವೇಗ ಇವೆಲ್ಲ ಸೇರಿದರೆ ಉಳಿಯುವುದು ಅದಕ್ಕಿಂತ ಬಹಳ ಕಡಿಮೆ. ಬಾಗಲಕೋಟೆ, ಬೆಳಗಾವಿ, ವಿಜಯಪುರ ಜಿಲ್ಲೆಗಳ ಕಬ್ಬಿನ ಹಂಗಾಮಿನಲ್ಲಿ ಒಂದೇ ಟ್ರ್ಯಾಕ್ಟರ್‌ಗೆ ಎರಡು ಟ್ರೇಲರ್ ಕಟ್ಟುವುದು ಸಾಮಾನ್ಯ ದೃಶ್ಯ. ಅಲ್ಲಿ ಮೊದಲ ಟ್ರೇಲರ್‌ನ ಸಣ್ಣ ಓಲಾಟ ಎರಡನೆಯದರಲ್ಲಿ ದೊಡ್ಡದಾಗುತ್ತದೆ ಎಂಬುದು ಗಮನಾರ್ಹ.

ಹೇರಿನ ಜಾಗದಲ್ಲಿ ಜನ

ಹೇರು ಉರುಳಿದರೆ ಫಸಲು ಹಾಳು. ಜನ ಕುಳಿತಿದ್ದರೆ? 2022ರ ಅಕ್ಟೋಬರ್ 1ರಂದು ಕಾನ್ಪುರ ಜಿಲ್ಲೆಯ ಘಾಟಂಪುರ ಬಳಿ ಯಾತ್ರಿಕರಿದ್ದ ಟ್ರ್ಯಾಕ್ಟರ್ ಟ್ರೇಲರ್ ಹೊಂಡಕ್ಕೆ ಉರುಳಿ 26 ಮಂದಿ ಸತ್ತರು. 2024ರ ಫೆಬ್ರುವರಿಯಲ್ಲಿ ಉತ್ತರ ಪ್ರದೇಶದ್ದೇ ಆದ ಕಾಸ್‌ಗಂಜ್‌ನಲ್ಲಿ ಇಂಥದೇ ದುರಂತ 20ಕ್ಕೂ ಹೆಚ್ಚು ಜೀವ ಪಡೆಯಿತು. 2025ರ ಏಪ್ರಿಲ್‌ನಲ್ಲಿ ಕರ್ನಾಟಕದ ಗಡಿಗೆ ಹೊಂದಿದ ನಾಂದೇಡ ಜಿಲ್ಲೆಯಲ್ಲಿ ಕೂಲಿಗೆ ಹೊರಟಿದ್ದ ಏಳು ಮಹಿಳೆಯರು ಟ್ರೇಲರ್ ಸಹಿತ ಬಾವಿಗೆ ಬಿದ್ದು ಅಸುನೀಗಿದರು. ಕಳೆ ತೆಗೆಯಲು, ಮೆಣಸಿನಕಾಯಿ ಬಿಡಿಸಲು ಟ್ರೇಲರ್‌ನಲ್ಲೇ ಹೋಗಿಬರುವ ಹಾವೇರಿ ಜಿಲ್ಲೆಯ ಕೂಲಿ ಮಹಿಳೆಯರಿಗೆ ಈ ಸುದ್ದಿಗಳು ದೂರದವಲ್ಲ. ಮೂಟೆಗಳನ್ನು ಹಗ್ಗದಿಂದ ಬಿಗಿಯಬಹುದು. ನಿಂತ ಜನ ತಿರುವಿನಲ್ಲಿ ಒಂದೇ ಬದಿಗೆ ವಾಲುತ್ತಾರೆ.

ಕಾನೂನು ಈ ಜೋಡಿ ವಾಹನವನ್ನು ನೋಡಿದ ರೀತಿಯೂ ಸ್ವಾರಸ್ಯಕರ. ಟ್ರ್ಯಾಕ್ಟರ್ ಓಡಿಸಲು ಪರವಾನಗಿ ಉಳ್ಳವನು ಟ್ರೇಲರ್ ಕಟ್ಟಿದ ಮಾತ್ರಕ್ಕೆ ಪರವಾನಗಿ ಇಲ್ಲದವನಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. ಕರ್ನಾಟಕ ಸರ್ಕಾರ ಕಕ್ಷಿಯಾಗಿದ್ದ ನಟವರ್ ಪಾರಿಖ್ ಪ್ರಕರಣದಲ್ಲಿ, ಟ್ರ್ಯಾಕ್ಟರ್ ಮತ್ತು ಟ್ರೇಲರ್ ಸೇರಿದರೆ ಸರಕು ಸಾಗಣೆ ವಾಹನವಾಗುತ್ತದೆ ಎಂದು 2005ರಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿತು. ಅಂದರೆ ಚಾಲಕನ ಪಾಲಿಗೆ ಅದು ಹಳೆಯ ಟ್ರ್ಯಾಕ್ಟರೇ; ರಸ್ತೆಯ ಪಾಲಿಗೆ ಬೇರೆಯದೇ ವಾಹನ. ಎರಡೂ ತೀರ್ಪುಗಳು ತಮ್ಮ ಪ್ರಶ್ನೆಗಳ ಮಟ್ಟಿಗೆ ಸರಿ. ಆದರೆ ಆ ಬೇರೆ ವಾಹನವನ್ನು ಹಿಡಿದು ನಿಲ್ಲಿಸುವುದನ್ನು ಚಾಲಕನಿಗೆ ಕಲಿಸುವವರು ಯಾರು ಎಂಬ ಪ್ರಶ್ನೆ ನಡುವೆಯೇ ಉಳಿದಿದೆ. ಟ್ರ್ಯಾಕ್ಟರ್‌ನಲ್ಲಿ ಆಸನ ಒಂದೇ, ಅದು ಚಾಲಕನದು. ಟ್ರೇಲರ್‌ನಲ್ಲಿ ಕುಳಿತವರಿಗೆ ಅಪಘಾತವಾದಾಗ ವಿಮಾ ಕಂಪನಿ ತಕರಾರು ಎತ್ತಿದರೆ ಪರಿಹಾರದ ಹೊರೆ ಸಣ್ಣ ರೈತನ ಹೊಲದ ಮೇಲೇ ಬರಬಹುದು.

ದಂಡವೊಂದೇ ಉತ್ತರವಲ್ಲ

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಮಿತಿಮೀರಿದ ಹೇರಿಗೆ ₹20,000 ಹಾಗೂ ಹೆಚ್ಚುವರಿ ಪ್ರತಿ ಟನ್‌ಗೆ ₹2,000 ದಂಡ ನಿಗದಿಪಡಿಸಿತು. ದಂಡದ ಭಯ ತೂಕವನ್ನು ಇಳಿಸೀತು. ಭಾರವನ್ನು ಸರಿಯಾದ ಜಾಗದಲ್ಲಿ ಇಡಿಸದು, ಸವೆದ ಕಮಾನನ್ನು ಬದಲಿಸದು. ಟ್ರ್ಯಾಕ್ಟರ್ ಖರೀದಿಗೆ ಸಾಲ ಕೊಡುವ ಬ್ಯಾಂಕು, ನೋಂದಣಿ ಮಾಡುವ ಸಾರಿಗೆ ಕಚೇರಿ, ಕೃಷಿ ಇಲಾಖೆ ಈ ಮೂರೂ ಟ್ರೇಲರ್‌ನ ಬ್ರೇಕು, ಕೊಕ್ಕೆಯ ಎತ್ತರ, ಕಮಾನುಗಳನ್ನು ಒಮ್ಮೆ ಕೇಳಿ ನೋಡಿದರೆ ವೆಲ್ಡಿಂಗ್ ಅಂಗಡಿಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಟ್ರ್ಯಾಕ್ಟರ್‌ನ ಬೆಲೆಯ ಮುಂದೆ ಆ ಖರ್ಚು ಅಲ್ಪ.

ಅದಕ್ಕೂ ಮುನ್ನ ಕಾಸಿಲ್ಲದೆ ಆಗುವ ಕೆಲಸಗಳಿವೆ. ಭಾರವನ್ನು ಅಚ್ಚಿನ ತುಸು ಮುಂದಕ್ಕೆ, ಆದಷ್ಟು ತಗ್ಗಿನಲ್ಲಿ ಹೇರಬೇಕು. ಎರಡು ಬ್ರೇಕ್ ಪೆಡಲ್‌ಗಳನ್ನು ಜೋಡಿಸಬೇಕು. ಏರಿದ ಗೇರಿನಲ್ಲೇ ಇಳಿಯಬೇಕು. ಎತ್ತಿನ ಹೆಗಲು ನೋಡಿ ಹೇರುತ್ತಿದ್ದ ರೈತನಿಗೆ ಇದನ್ನು ಕಲಿಸುವುದು ಕಷ್ಟವಲ್ಲ. ಎತ್ತು ನೋವನ್ನು ತೋರುತ್ತಿತ್ತು, ಟ್ರ್ಯಾಕ್ಟರ್ ತೋರುವುದಿಲ್ಲ. ಹಾಗಾಗಿ ಆ ಲೆಕ್ಕವನ್ನು ಈಗ ಮನುಷ್ಯನೇ ಇಡಬೇಕಾಗಿದೆ.