ಭೂಮಿ ನಿಂತಿದೆ ಎಂದವರು ಮೂಢರೇ?

ಒಂದು ಸಂಜೆ ಸಾಸ್ತಾನದ ಪಡುವಣದಲ್ಲಿರುವ ಕೋಡಿ ಕನ್ಯಾನದ ಕಡಲ ದಂಡೆಯಲ್ಲಿ ನಿಂತು ನೋಡಿ. ಸೂರ್ಯನು ಮೆಲ್ಲನೆ ನೀರಿಗಿಳಿಯುತ್ತಾನೆ; ನಮ್ಮ ಕಾಲಡಿಯ ನೆಲ ಕದಲುವುದಿಲ್ಲ. ಆದರೆ ಆ ನೆಲವೇ ಗಂಟೆಗೆ 1,600 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಮೂಡಣಕ್ಕೆ ತಿರುಗುತ್ತಿದೆ ಎಂದು ಶಾಲೆಯಲ್ಲಿ ಕಲಿತೆವು, ನಂಬಿದೆವು. ಅದು ನಿಜವೆಂದು ಹೇಗೆ ಗೊತ್ತು ಎಂದು ಮಗುವೊಂದು ಕೇಳಿದರೆ, ನಮ್ಮಲ್ಲಿ ಎಷ್ಟು ಮಂದಿ ಉತ್ತರಿಸಬಲ್ಲೆವು?

ಉತ್ತರವರಿಯದ ನಾವೇ, ಭೂಮಿ ಸ್ಥಿರವೆಂದು ವಾದಿಸಿದ ಪೂರ್ವಿಕರನ್ನು ಕಂಡು ನಗುತ್ತೇವೆ. ಬೈಬಲನ್ನು ಹಿಡಿದು ವಿಜ್ಞಾನವನ್ನು ತುಳಿದವರು ಎಂದು ಧರ್ಮಸಭೆಯನ್ನು ಯಾರಾದರೂ ಹಳಿದರೆ ಮೌನವಾಗಿ ತಲೆತಗ್ಗಿಸುತ್ತೇವೆ. ಇದು ಅರ್ಧಸತ್ಯ. ಉಳಿದರ್ಧವನ್ನು ತಿಳಿದುಕೊಳ್ಳುವುದು ನಮ್ಮ ಹೊಣೆ.

ಮೊದಲು ನಮ್ಮ ದೇಶದ ಮಾತು. ಆರ್ಯಭಟನು 499ರಲ್ಲಿ ರಚಿಸಿದ ಗ್ರಂಥದಲ್ಲಿ ಭೂಮಿಯೇ ತಿರುಗುತ್ತದೆ ಎಂದನು. ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ಮರಗಳು ಹಿಂದೆ ಸರಿದಂತೆ ಕಾಣುವ ಹಾಗೆ, ನಕ್ಷತ್ರಗಳು ಪಡುವಣಕ್ಕೆ ಸರಿದಂತೆ ಕಾಣುತ್ತವೆ ಎಂಬುದು ಅವನ ಹೋಲಿಕೆ. ಹಂಗಾರಕಟ್ಟೆಯ ಅಳಿವೆಯಲ್ಲಿ ದೋಣಿಯೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ವರಾಹಮಿಹಿರನು ಒಪ್ಪಲಿಲ್ಲ: ಭೂಮಿ ತಿರುಗುವುದಾದರೆ ಆಕಾಶಕ್ಕೇರಿದ ಹಕ್ಕಿ ತನ್ನ ಗೂಡಿಗೆ ಮರಳುವುದು ಹೇಗೆ? 628ರಲ್ಲಿ ಬ್ರಹ್ಮಗುಪ್ತನು, ಎತ್ತರದ ವಸ್ತುಗಳು ಏಕೆ ಉರುಳುವುದಿಲ್ಲ ಎಂದು ಕೇಳಿದನು. ಅಲ್ಲಿ ಯಾವ ಪೋಪರೂ ಇರಲಿಲ್ಲ, ಬೈಬಲೂ ಇರಲಿಲ್ಲ. ಇದ್ದುದು ಗಣಿತಜ್ಞರ ಪ್ರಾಮಾಣಿಕ ಸಂದೇಹ.

ಯೂರೋಪಿನಲ್ಲೂ ಅದೇ ಆಯಿತು. ಧರ್ಮಸಭೆಯ ಸೇವೆಯಲ್ಲಿದ್ದ ಕೊಪರ್ನಿಕಸನ ಗ್ರಂಥವು 1543ರಲ್ಲಿ ಪ್ರಕಟವಾಯಿತು. ಭೂಮಿ ಸೂರ್ಯನನ್ನು ಸುತ್ತುವುದಾದರೆ, ಆರು ತಿಂಗಳಿಗೊಮ್ಮೆ ನಕ್ಷತ್ರಗಳ ಸ್ಥಾನ ತುಸುವಾದರೂ ಪಲ್ಲಟವಾಗಬೇಕಿತ್ತು. ಆ ಕಾಲದ ಅತ್ಯಂತ ನಿಷ್ಣಾತ ವೀಕ್ಷಕನಾದ ಟೈಕೋ ಬ್ರಾಹೆಗೆ ಅದು ಕಾಣಲಿಲ್ಲ. ನಕ್ಷತ್ರಗಳು ಅಷ್ಟು ದೂರದಲ್ಲಿವೆ ಎಂದು ಸಮಾಧಾನ ಹೇಳಿದರೆ, ಕಣ್ಣಿಗೆ ತೋರುವ ಅವುಗಳ ಗಾತ್ರದಿಂದ ಲೆಕ್ಕ ಹಾಕಿದಾಗ ಒಂದೊಂದೂ ಸೂರ್ಯನಿಗಿಂತ ನೂರಾರು ಪಟ್ಟು ದೊಡ್ಡದಾಗಬೇಕಿತ್ತು. ಆ ಗಾತ್ರವು ಬೆಳಕಿನ ಭ್ರಮೆಯೆಂದು ಆಗ ಯಾರಿಗೂ ತಿಳಿದಿರಲಿಲ್ಲ.

1651ರಲ್ಲಿ ಯೇಸುಸಭೆಯ ಗುರು ರಿಚ್ಚೋಲಿಯವರು ಎರಡೂ ಕಡೆಯ 126 ವಾದಗಳನ್ನು ಒಂದೆಡೆ ತೂಗಿದರು: ಭೂಚಲನೆಯ ಪರ 49, ವಿರುದ್ಧ 77. ಅವುಗಳಲ್ಲಿ ಬಹುಪಾಲು ಬೀಳುವ ಕಲ್ಲು, ಹಾರುವ ಗುಂಡು, ನಕ್ಷತ್ರಗಳ ಲೆಕ್ಕ. ಭೂಮಿ ತಿರುಗುವುದಾದರೆ ಉತ್ತರಕ್ಕೆ ಹಾರಿಸಿದ ಫಿರಂಗಿಗುಂಡು ಪಕ್ಕಕ್ಕೆ ಸರಿಯಬೇಕು, ಸರಿಯುತ್ತಿಲ್ಲವಲ್ಲ ಎಂದು ಅವರು ಕೇಳಿದರು. ತರ್ಕ ಸರಿಯಾಗಿತ್ತು, ಗುಂಡು ನಿಜಕ್ಕೂ ಸರಿಯುತ್ತದೆ. ಆ ಕಾಲದ ಫಿರಂಗಿಗೆ ಅದನ್ನು ತೋರಿಸುವ ನಿಖರತೆ ಇರಲಿಲ್ಲ, ಅಷ್ಟೆ.

ಇನ್ನು ಗೆಲಿಲಿಯೋ. ಭೂಮಿ ಚಲಿಸುತ್ತದೆ ಎಂಬ ಅವನ ಮಾತು ಸತ್ಯ. ಆದರೆ ಅದಕ್ಕೆ ಅವನಿತ್ತ ಮುಖ್ಯ ಪುರಾವೆ ಕಡಲಿನ ಭರತ ಇಳಿತ. ಚಂದ್ರನಿಗೂ ಅದಕ್ಕೂ ನಂಟಿಲ್ಲವೆಂದು ಅವನ ವಾದ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ನೀರು ಏರುವುದನ್ನು ಬಲ್ಲ ನಮ್ಮ ಕೋಡಿಯ ಮೀನುಗಾರರು ಆ ಪುರಾವೆಯನ್ನು ಒಪ್ಪುತ್ತಿರಲಿಲ್ಲ.

ಹಾಗಾದರೆ ಧರ್ಮಸಭೆಯಿಂದ ತಪ್ಪೇ ಆಗಲಿಲ್ಲವೇ? ಆಯಿತು, ದೊಡ್ಡ ತಪ್ಪೇ ಆಯಿತು. ನಿಜವಾದ ಪುರಾವೆ ದೊರೆತರೆ ಪವಿತ್ರ ಗ್ರಂಥದ ಮಾತು ನಮಗೆ ಅರ್ಥವಾಗಿಲ್ಲವೆಂದು ಒಪ್ಪಬೇಕಾದೀತು ಎಂದು 1615ರಲ್ಲಿ ಕಾರ್ಡಿನಲ್ ಬೆಲ್ಲರ್ಮಿನರೇ ಬರೆದಿದ್ದರು. ಆದರೂ ಮರುವರ್ಷವೇ ಕೊಪರ್ನಿಕಸನ ಗ್ರಂಥಕ್ಕೆ ತಡೆ ಬಿತ್ತು. 1633ರಲ್ಲಿ ವೃದ್ಧ ಗೆಲಿಲಿಯೋನನ್ನು ಮೊಣಕಾಲೂರಿಸಿ ತನ್ನ ಮಾತನ್ನು ತಾನೇ ಅಲ್ಲಗಳೆಯುವಂತೆ ಮಾಡಲಾಯಿತು. ಒಪ್ಪದಿರುವುದು ತಪ್ಪಲ್ಲ, ಬಾಯಿ ಮುಚ್ಚಿಸಿದ್ದು ತಪ್ಪು. ವಾದಕ್ಕೆ ವಾದವಿತ್ತು. ಅಧಿಕಾರವನ್ನು ನಡುವೆ ತಂದವರು ರಿಚ್ಚೋಲಿಯಂಥವರ ಪ್ರಾಮಾಣಿಕ ಶ್ರಮಕ್ಕೂ ಮಸಿ ಬಳಿದರು. 1838ರಲ್ಲಿ ಬೆಸೆಲ್ ಎಂಬ ವಿಜ್ಞಾನಿ ನಕ್ಷತ್ರವೊಂದರ ಸ್ಥಾನಪಲ್ಲಟವನ್ನು ಕೊನೆಗೂ ಅಳೆದನು. ಅದು ಒಂದು ಡಿಗ್ರಿಯ ಸುಮಾರು 11,000ದಲ್ಲಿ ಒಂದು ಪಾಲು! 1851ರಲ್ಲಿ ಫೂಕೋ ಪ್ಯಾರಿಸಿನಲ್ಲಿ ಲೋಲಕವನ್ನು ತೂಗಬಿಟ್ಟು ಭೂಮಿಯ ತಿರುಗುವಿಕೆಯನ್ನು ಕಣ್ಣಿಗೇ ತೋರಿಸಿದನು. 1992ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಅಂದಿನ ದೈವಶಾಸ್ತ್ರಜ್ಞರ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು.

ಇಷ್ಟಾದ ಮೇಲೂ ಯೆಹೋಶುವನ ಗ್ರಂಥದಲ್ಲಿ ಸೂರ್ಯನು ನಿಂತ ಪ್ರಸಂಗವನ್ನು ಮುಂದಿಟ್ಟು, ಭೂಮಿ ಚಲಿಸದು ಎಂದು ಸಾಧಿಸುವ ವಿಡಿಯೋಗಳನ್ನು ನಮ್ಮವರಲ್ಲಿ ಕೆಲವರು ಭಕ್ತಿಯಿಂದ ಹಂಚುತ್ತಿದ್ದಾರೆ. ರಿಚ್ಚೋಲಿಯವರಿಗೆ ಪುರಾವೆ ಸಿಕ್ಕಿರಲಿಲ್ಲ. ಇವರಿಗೆ ಪುರಾವೆ ಬೇಕಾಗಿಲ್ಲ. ಆಕಾಶದ ವಿಷಯದಲ್ಲಿ ಕ್ರೈಸ್ತರು ಅಜ್ಞಾನದ ಮಾತಾಡಿದರೆ, ಪುನರುತ್ಥಾನದ ಬಗ್ಗೆ ನಾವು ಹೇಳುವುದನ್ನು ಯಾರು ತಾನೇ ನಂಬುವರು ಎಂದು ಸಂತ ಅಗಸ್ಟೀನರು ಸಾವಿರದ ಆರುನೂರು ವರ್ಷಗಳ ಹಿಂದೆಯೇ ಎಚ್ಚರಿಸಿದ್ದರು.

ಆದುದರಿಂದ ತಂದೆತಾಯಿಯರೇ, ಧರ್ಮೋಪದೇಶ ಕಲಿಸುವವರೇ, ಮಗು ಪ್ರಶ್ನೆ ಕೇಳಿದಾಗ ದೇವರನ್ನು ಪ್ರಶ್ನಿಸಬಾರದು ಎಂದು ಗದರಬೇಡಿರಿ. ಅದು ಕೇಳುತ್ತಿರುವುದು ದೇವರನ್ನಲ್ಲ, ನಮ್ಮನ್ನು. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಿ, ಒಟ್ಟಿಗೆ ಹುಡುಕಿರಿ. ಇಂದು ನಾವು ಗದರಿ ಕೂರಿಸಿದ ಮಗು, ನಾಳೆ ದೇವಾಲಯದ ಮೆಟ್ಟಿಲಿಳಿದು ಹೋದರೆ, ಆ ಲೆಕ್ಕವನ್ನು ದೇವರಿಗೆ ಒಪ್ಪಿಸಬೇಕಾದವರು ನಾವು.